ಡಬ್ಬಿಗೆ ಬಿದ್ದ ಬೆರಳಲೆಕ್ಕ

ಯಾದಗಿರಿ
12-6-2023

ಅಪ್ಪಾ, ಶರಣು.

ಶಹಾಪುರದ ಹತ್ತಿರ ಬಸ್ಸು ಪಂಕ್ಚರಾಗಿ, ಯಾದಗಿರಿ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿಗೆ ದಾರಿಯಲ್ಲೇ ಗತಿ ಕಾಣಿಸಿದೆ, ಅವಳಿಗೆ ಹೇಳು. ನೀನು ಕಲಿಸಿದ ಬೆರಳಲೆಕ್ಕ ಮರೆಯಬಾರದೆಂದು ದಾರಿಯುದ್ದಕ್ಕೂ ಬಲಗೈಯಿಂದ ಎಡಗೈ ಒತ್ತುತ್ತಾ ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು ನೋಡಿ ನೋಡಿ, ‘ಕೈ ಜೋಮ್ ಹಿಡದಾವೇನವ್ವಾ? ಎಣ್ಣಿ ಹಚ್ಚು’ ಎಂದಳು.

ನಿನ್ನೆ ಆಟವನ್ನು ಮೊದಲ ಸಲ ಆಡಿಸಿ ನೋಡಿದೆ. ಪಕ್ಕದ ಮನೆಯ ಬ್ಯಾಂಕಿನ ಗಂಡಹೆಂಡಿರು, ಬ್ಲೌಸ್ ಹೊಲಿಯುವ ದುರ್ಗಾ, ನಾನು. ಮೇಜಿನ ಮೇಲೆ ಎತ್ತಿನ ಚಿತ್ರದ ಕಾರ್ಡುಗಳು. ಒಬ್ಬರು ಮಾರುವವರು, ಒಬ್ಬರು ಕೊಳ್ಳುವವರು, ನಡುವೆ ಒಬ್ಬ ದಲಾಲ. ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ನಿಮ್ಮ ದನದ ಸಂತೆಯಲ್ಲಿ ಹೆಗಲ ಮೇಲಿನ ವಲ್ಲಿಬಟ್ಟೆ ಇಳಿಸಿ, ಅದರ ಕೆಳಗೆ ಕೈಯಲ್ಲಿ ಕೈಯಿಟ್ಟು ಬೆರಳು ಒತ್ತಿ ಬೆಲೆ ಹೇಳುತ್ತೀರಲ್ಲ, ಹಾಗೆಯೇ. ಮಾತಾಡಿದವರ ಸರದಿ ಹೋಯಿತು. ಬ್ಯಾಂಕಿನವರು ಮನೆಯಲ್ಲಿ ಒಬ್ಬರ ಮೇಲೊಬ್ಬರು ಮಾತಾಡುವವರು. ಅರ್ಧ ತಾಸು ತುಟಿ ಬಿಚ್ಚದೆ ಕೈ ಹಿಡಿದು ಕೂತಿದ್ದರು. ಮುಗಿದ ಮೇಲೆ ಆಕೆಯೇ ‘ಇನ್ನೊಂದ್ ಆಟ ಆಡೂಣ್ರಿ’ ಎಂದಳು. ನನಗೆ ಆಗಲೇ ಗೊತ್ತಾಯಿತು, ಇದು ಕಾಲೂರಿ ನಿಲ್ಲುತ್ತದೆ.

ನಿಲ್ಲಬೇಕು, ಅಪ್ಪಾ. ಪುಸ್ತಕ ಪ್ರಕಟಿಸುವವರ ಹಾಗೆ ನಾನು ಆಟ ಪ್ರಕಟಿಸುತ್ತೇನೆ ಅಂದರೆ ಇಲ್ಲಿನ ಜನ ಇನ್ನೂ ‘ಕೇರಂ ಬೋರ್ಡ್ ಮಾರ್ತೀರೇನ್ರಿ?’ ಎಂದೇ ಕೇಳುತ್ತಾರೆ. ‘ಅಂಗೈ ಆಟಗಳು’ ಎಂದು ಬೋರ್ಡು ಹಾಕಿದ ಮೇಲೆ ಎರಡು ಆಟ ಹೊರತಂದೆ. ಒಂದನ್ನು ಗೆಳತಿಯರು ಕೊಂಡರು, ಇನ್ನೊಂದನ್ನು ಇಲಿಗಳು ತಿಂದವು. ಇದೂ ಬಿದ್ದರೆ ಬೋರ್ಡು ಇಳಿಸುವುದೇ.

ಒಂದು ಕೇಳುವುದು ಮರೆತೆ. ಅರ್ಧ ಎನ್ನಲು ಏನು ಮಾಡುತ್ತೀರಿ? ಎದುರಿಗಿದ್ದಿದ್ದರೆ ಅಂಗೈ ಚಾಚಿ ಕೇಳುತ್ತಿದ್ದೆ. ಜ್ವರ ಬಂದು ನಿನ್ನ ಕಿವಿ ಹೋದ ಮೇಲೆ ಅವ್ವ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಾಳೆ. ನಾನು ನಿನ್ನ ಕೈ ಹಿಡಿದು ಬೆರಳು ಒತ್ತಿದರೆ ಸಾಕು, ಮೂರು ರೊಟ್ಟಿ ಸಾಕೆನ್ನುತ್ತೀಯೋ ಇನ್ನೊಂದು ಬೇಕೆನ್ನುತ್ತೀಯೋ ತಿಳಿದುಹೋಗುತ್ತದೆ. ದೂರ ಇರುವಾಗ ಈ ಕಾಗದವೇ ಗತಿ.

ನಿನ್ನ
ರಂಜನಿ

ಕೆಂಭಾವಿ
21-6-2023

ಯವ್ವಾ ರಂಜನಿ,

ಅರ್ಧಕ್ಕೆ ಹೆಬ್ಬೆರಳಿನಿಂದ ಅಂಗೈ ಗೀರಬೇಕು, ಮೆಲ್ಲಗೆ. ಉಗುರು ಬೆಳೆಸಿದವನು ದಲಾಲನಾಗಬಾರದು. ನಿನ್ನ ಬ್ಯಾಂಕಿನವರಿಗೆ ಇದನ್ನು ಮೊದಲೇ ಹೇಳು.

ನಿನ್ನ ಆಟದ ಸುದ್ದಿಯನ್ನು ಅವ್ವನಿಗೆ ಓದಿ ಹೇಳಿದೆ. ಗಂಡಹೆಂಡಿರು ಮಾತಾಡದೆ ಅರ್ಧ ತಾಸು ಕೂತರೆಂಬುದನ್ನು ಅವಳು ನಂಬಲಿಲ್ಲ.

ನನಗೆ ಕಿವಿ ಹೋಯಿತೆಂದು ನೀನು ಬಹಳ ಮರುಗಬೇಡ. ಮನೆಯಲ್ಲಿ ಕಿವುಡ, ಚಹಾ ಅಂಗಡಿಯಲ್ಲಿ ಕಿವುಡ, ಮದುವೆ ಮನೆಯಲ್ಲಂತೂ ಗೋಡೆಗೂ ನನಗೂ ಫರಕಿಲ್ಲ. ಆದರೆ ಸಂತೆಯಲ್ಲಿ ವಲ್ಲಿ ಹಾಕಿದೆವೆಂದರೆ ಅದರ ಕೆಳಗೆ ಎಲ್ಲರೂ ನನ್ನ ಹಾಗೆಯೇ. ಅಲ್ಲಿ ಯಾರೂ ನನ್ನನ್ನು ಎರಡು ಸಲ ಕೂಗುವುದಿಲ್ಲ. ವಾರದಲ್ಲಿ ಒಂದು ದಿನ ನಾನು ಪೂರಾ ಮನುಷ್ಯ.

ನನ್ನಪ್ಪ ಎಲ್ಲ ದಲಾಲರ ಎದುರಿಗೆ ನನ್ನ ಹೆಗಲಿಗೆ ವಲ್ಲಿ ಹಾಕಿ, ಬೆಲ್ಲ ಹಂಚಿ ಈ ಲೆಕ್ಕ ಕೊಟ್ಟಿದ್ದ. ಗಿರಾಕಿಗೆ ಹೇಳುವುದಿಲ್ಲವೆಂದು ಆಣೆ ಹಾಕಿಸಿದ್ದ. ರೈತನಿಗೆ ಬೆರಳು ಗೊತ್ತಾದರೆ ಅವನೇ ಇನ್ನೊಬ್ಬ ರೈತನ ಕೈ ಹಿಡಿಯುತ್ತಾನೆ, ದಲಾಲನನ್ನು ಯಾರು ಕೇಳಬೇಕು? ನೀನು ಗಿರಾಕಿಯಲ್ಲ, ಮಗಳು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಗಂಡು ಮಗನಿಲ್ಲ ಎಂದು ಜನ ನನ್ನೆದುರು ಲೊಚಗುಟ್ಟುತ್ತಾರೆ. ನನ್ನ ವಿದ್ಯೆ ಕೇಳಿಕೊಂಡು ಮಗಳು ಊರಿಗೆ ಬಂದಳೆಂದು ನನಗೆ ಒಳಗೊಳಗೇ ಸೊಕ್ಕು ಬಂದಿದೆ, ಸುಳ್ಳೇಕೆ ಹೇಳಲಿ.

ವಹಾಬನಿಗೆ ಮಾತ್ರ ಹೇಳಿದ್ದೇನೆ. ಅವನು ಮತ್ತು ನಾನು ಒಂದೇ ವರ್ಷ ವಲ್ಲಿ ಹೊತ್ತವರು. ಕಿವಿಗೆ ಬಾಯಿ ಹಚ್ಚಿ ಕೂಗಿದ: ‘ಎರಡ್ ಬೆರಳ ಅದಲ್‌ ಬದಲ್ ಮಾಡಿ ಹಾಕಂತ ಹೇಳಪಾ ಮಗಳಿಗಿ. ಆಟಕ್ಕೇನ್ ಕಮ್ಮಿ ಆಗ್ತದ?’ ನನಗೂ ಸರಿ ಎನಿಸಿತು. ಎರಡೇ ಎರಡು ಬೆರಳು ತಿರುಗಿಸಿ ಹಾಕು.

ನಿನ್ನಪ್ಪ
ಅಯ್ಯಣ್ಣ

ಯಾದಗಿರಿ
30-8-2023

ಅಪ್ಪಾ, ಶರಣು.

ಆಟ ಪ್ರೆಸ್ಸಿಗೆ ಹೋಗಿದೆ. ಮೊದಲ ನಮೂನೆಯ ಡಬ್ಬಿ ಬಂತು, ಮುಚ್ಚಳ ಎಷ್ಟು ಬಿಗಿಯೆಂದರೆ ದುರ್ಗಾ ಕೆಳಗಿನಿಂದ ಹಿಡಿದಳು, ನಾನು ಮೇಲಿನಿಂದ ಎಳೆದೆ, ಕಾರ್ಡುಗಳೆಲ್ಲ ಛಾವಣಿಗೆ ಹಾರಿದವು. ಸರಿಮಾಡಿಸಿದ್ದೇನೆ. ಮುಚ್ಚಳಕ್ಕೆ ಸುರಪುರದ ಚಿತ್ರಗಾರರೊಬ್ಬರಿಂದ ಎತ್ತು ಬರೆಸಿದೆ. ರಾಜರ ಚಿತ್ರ ಬರೆಯುವ ಕೈ, ಎತ್ತಿನ ಕೊಂಬಿಗೂ ಬಂಗಾರದ ಗೆರೆ ಎಳೆದಿದ್ದಾರೆ. ಇಂಥ ಎತ್ತು ಸಂತೆಗೆ ಬಂದರೆ ನೀವೆಲ್ಲ ಕೈ ಮುಗಿದು ನಿಲ್ಲಬೇಕು.

ಚಿತ್ರದ ಕೆಳಗೆ ದೊಡ್ಡದಾಗಿ ಹಾಕಿಸಿದ್ದೇನೆ: ‘ಕೆಂಭಾವಿ ಸಂತೆಯ ದಲಾಲರ ಅಸಲಿ ಬೆರಳಲೆಕ್ಕ.’ ಇದನ್ನು ಓದಿಯೇ ಹೈದರಾಬಾದಿನ ಅಂಗಡಿಯವನು ಆರ್ಡರು ಕೊಟ್ಟ.

ಬೆರಳು ತಿರುಗಿಸುವ ವಿಷಯ. ಒಂದು ಸಂಜೆ ತಿರುಗಿಸಿ ಆಡಿದೆವು. ಆಟ ಸಪ್ಪೆಯಾಯಿತು. ಏನು ಸಪ್ಪೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ನಾನೇ ಸುಳ್ಳು ಮಾರುತ್ತಿದ್ದೇನೆ ಅನಿಸಿತು. ಅಸಲಿ ಎಂದು ಬರೆದು ನಕಲಿ ಹಾಕುವುದು ಹೇಗೆ? ಅಲ್ಲದೆ ನೀನೇ ಯೋಚಿಸು, ಹೈದರಾಬಾದಿನಲ್ಲಿ ಕೂತು ಆಡುವವರು ನಿಮ್ಮ ಸಂತೆಗೆ ಎತ್ತು ಕೊಳ್ಳಲು ಬರುತ್ತಾರಾ? ಅವರಿಗೆ ಕೆಂಭಾವಿ ಯಾವ ದಿಕ್ಕಿಗಿದೆ ಎಂದೂ ಗೊತ್ತಿಲ್ಲ. ವಹಾಬ ಚಾಚಾಗೆ ನನ್ನ ಸಲಾಮು ಹೇಳು, ಹೆದರಬೇಡವೆಂದು ಹೇಳು.

ನಿನ್ನ
ರಂಜನಿ

ಕೆಂಭಾವಿ
19-11-2023

ಯವ್ವಾ ರಂಜನಿ,

ಡಬ್ಬಿ ಬಂತು. ಎತ್ತು ಚೆನ್ನಾಗಿದೆ, ಆದರೆ ಬಾಯಿ ಮುಚ್ಚಿಕೊಂಡಿದೆ. ಹಲ್ಲು ಕಾಣದ ಎತ್ತನ್ನು ಯಾರು ಕೊಳ್ಳುತ್ತಾರೆ?

ಒಳಗಿನ ಪುಸ್ತಕದಲ್ಲಿ ‘ಈ ಲೆಕ್ಕ ಕಲಿಸಿದವರು ಶ್ರೀ ಅಯ್ಯಣ್ಣ, ದಲಾಲರು, ಕೆಂಭಾವಿ’ ಎಂದು ಹಾಕಿದ್ದೀಯ. ಅವ್ವ ಅದರ ಮೇಲೆ ಬೆರಳಾಡಿಸಿ ನೋಡಿದಳು. ನನ್ನ ಹೆಸರನ್ನು ಅಚ್ಚಿನಲ್ಲಿ ಇದುವರೆಗೆ ಲಗ್ನಪತ್ರಿಕೆಯಲ್ಲಿ ಬಿಟ್ಟರೆ ಮತ್ತೆಲ್ಲೂ ಕಂಡಿರಲಿಲ್ಲ, ಅದರಲ್ಲೂ ಒತ್ತು ತಪ್ಪಿತ್ತು.

ತಡೆಯಲಾಗಲಿಲ್ಲ. ಸಂತೆಯ ದಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಚಹಾ ಅಂಗಡಿಯ ಬೆಂಚಿನ ಮೇಲೆ ಬಿಚ್ಚಿ ಎಲ್ಲರಿಗೂ ತೋರಿಸಿದೆ. ಹುಣಸಗಿ ಕಡೆಯಿಂದ ಬಂದ ರೈತರೂ ಇದ್ದರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಹಣಮಂತ್ರಾಯ ಮಾತ್ರ ಮುಟ್ಟಲಿಲ್ಲ. ನಮ್ಮ ದಲಾಲರಲ್ಲಿ ಅವನೇ ಹಿರಿಯ, ಅವನಿಗೆ ಕನ್ನಡಕ ಇರಲಿಲ್ಲವೇನೋ.

ನಿನ್ನಪ್ಪ
ಅಯ್ಯಣ್ಣ

ಯಾದಗಿರಿ
28-1-2024

ಅಪ್ಪಾ, ಶರಣು.

ಎರಡು ಕಾಗದ ಬರೆದೆ, ಉತ್ತರವಿಲ್ಲ. ಅವ್ವನಿಗೆ ಫೋನು ಮಾಡಿದರೆ ‘ಆರಾಮ ಅದಾನ, ಸಂತಿಗಿ ಹೋಗ್ಯಾನ’ ಎನ್ನುತ್ತಾಳೆ.

ಮೊದಲ ಮುದ್ರಣ ಪೂರ್ತಿ ಖಾಲಿ. ಬೆಂಗಳೂರಿನಲ್ಲಿ ಆಟದವರ ಮೇಳವಿತ್ತು, ಮೇಜು ಹಾಕಿದ್ದೆ. ಪರಿಚಯವೇ ಇಲ್ಲದ ಜನ ವಲ್ಲಿಯ ಕೆಳಗೆ ಕೈ ಹಿಡಿದು ನಗುತ್ತಿದ್ದರು. ಯಾರೋ ನಿನ್ನ ಲೆಕ್ಕವನ್ನು ಬೆರಳು ಬೆರಳಾಗಿ ತೋರಿಸಿ ವಿಡಿಯೋ ಮಾಡಿ ಹಾಕಿದ್ದಾರೆ, ಊರೂರಿಗೆ ಹೋಗಿದೆ. ಈಗ ಎರಡನೆಯ ಮುದ್ರಣ ನಡೆದಿದೆ. ದುರ್ಗಾ ಬ್ಲೌಸ್ ಹೊಲಿಯುವುದು ಬಿಟ್ಟು ಡಬ್ಬಿಗೆ ಹಾಕುವ ವಲ್ಲಿಯ ಅಂಚನ್ನೇ ಹೊಲಿಯುತ್ತಾಳೆ. ಇಷ್ಟು ದಿನ ನನ್ನನ್ನು ಹುಚ್ಚಿ ಎಂದವರು ಈಗ ‘ಮೇಡಮ್’ ಅನ್ನುತ್ತಾರೆ. ಇದೆಲ್ಲ ನಿನ್ನಿಂದ ಆದದ್ದು. ನೀನು ಒಂದು ಸಾಲು ಬರೆಯದಿದ್ದರೆ ನನಗೆ ಇದರ ಸುಖವೇ ಹತ್ತುವುದಿಲ್ಲ.

ನಿನ್ನ
ರಂಜನಿ

ಕೆಂಭಾವಿ
25-2-2024

ಯವ್ವಾ ರಂಜನಿ,

ನಿನ್ನ ಸುದ್ದಿ ಕೇಳಿ ಸಂತೋಷವಾಯಿತು. ಅವ್ವನ ಮೊಣಕಾಲು ನೋವು ಹಾಗೆಯೇ ಇದೆ. ತೊಗರಿ ರಾಶಿ ಮುಗಿದವು. ಎತ್ತಿನ ಬೆಲೆ ಇಳಿದಿದೆ, ಎಲ್ಲರೂ ಟ್ರ್ಯಾಕ್ಟರ್ ಎನ್ನುತ್ತಾರೆ. ಸಂತೆಯಿಂದ ಈಗ ಬೇಗ ಬರುತ್ತೇನೆ, ಮನೆಯಲ್ಲಿ ಕೈಗೆ ಕೆಲಸ ಬಹಳ.

ಏನೂ ಯೋಚನೆ ಮಾಡಬೇಡ.

ನಿನ್ನಪ್ಪ

ಕೆಂಭಾವಿ
20-4-2024

ಬೇಟಿ ರಂಜನಿಗೆ ವಹಾಬ ಚಾಚಾನ ಸಲಾಮು.

ನಾನು ಬರೆಯುವುದರಲ್ಲಿ ದಡ್ಡ, ತಪ್ಪಿದ್ದರೆ ಮಾಫ್ ಮಾಡು. ನಾನು ಬರೆದೆನೆಂದು ನಿನ್ನಪ್ಪನಿಗೆ ಗೊತ್ತಾಗಬಾರದು.

ನಿನ್ನ ಡಬ್ಬಿ ಬಂದ ಮೇಲೆ ಹುಣಸಗಿಯ ಇಬ್ಬರು ರೈತರು ಸಂತೆಯಲ್ಲಿ ತಾವೇ ವಲ್ಲಿ ಹಾಕಿ, ಒಬ್ಬರ ಕೈ ಒಬ್ಬರು ಹಿಡಿದು ವ್ಯಾಪಾರ ಮುಗಿಸಿ, ನಮ್ಮ ಎದುರಿಗೇ ಎತ್ತು ಹೊಡೆದುಕೊಂಡು ಹೋದರು. ಮುಂದಿನ ವಾರ ಇನ್ನೂ ಕೆಲವರು. ಒಬ್ಬ ಫೋನಿನಲ್ಲಿ ನಿಮ್ಮ ವಿಡಿಯೋ ಇಟ್ಟುಕೊಂಡೇ ಬಂದಿದ್ದ. ಹಣಮಂತ್ರಾಯ ದಲಾಲರನ್ನೆಲ್ಲ ಕೂಡಿಸಿದ. ಲೆಕ್ಕ ಪೂರಾ ಬದಲಾಯಿಸಿದರು, ಹೊಸದಾಗಿ ಬೆರಳು ಕಟ್ಟಿದರು. ನಾನು ಅಯ್ಯಣ್ಣನ ಹೆಸರು ಎತ್ತಿದೆ. ‘ಅವಗ ಹೇಳಬ್ಯಾಡ್ರಿ’ ಎಂದ ಹಣಮಂತ್ರಾಯ. ‘ಇವತ್ತ ಅವಗ ಹೇಳಿದ್ರ ನಾಳಿ ಡಬ್ಬಿ ಮ್ಯಾಲ ಬರ್ತದ.’

ನಾನು ಬಾಯಿ ಮುಚ್ಚಿದೆ. ನನಗೂ ಹೊಟ್ಟೆಯಿದೆ, ಬೇಟಿ.

ಮುಂದಿನ ಸಂತೆಯಲ್ಲಿ ಒಂದು ಜೋಡಿ ಎತ್ತಿಗೆ ಅಯ್ಯಣ್ಣ ಮಾರುವವನ ಕಡೆ, ನಾನು ಕೊಳ್ಳುವವನ ಕಡೆ. ವಲ್ಲಿ ಹಾಕಿದೆವು. ಹಣಮಂತ್ರಾಯ ಮಗ್ಗುಲಲ್ಲೇ ನಿಂತಿದ್ದ. ನಾನು ಹೊಸ ಲೆಕ್ಕದಲ್ಲಿ ಒತ್ತಿದೆ. ನಿನ್ನಪ್ಪ ಅದನ್ನು ಹಳೆಯ ಲೆಕ್ಕದಲ್ಲಿ ತಿಳಿದು, ಭಾರಿ ಬೆಲೆ ಬಂತೆಂದು ನಕ್ಕು, ಮಾರುವವನ ಬೆನ್ನು ತಟ್ಟಿದ. ಅದಕ್ಕಿಂತ ಕಡಿಮೆ ದುಡ್ಡು ಕೈಗೆ ಬಂದಾಗ ಅವನು ನನ್ನ ಮುಖ ನೋಡಿದ. ಮತ್ತೆ ವಲ್ಲಿಯೊಳಗೆ ಕೈ ಹಾಕಿ ನನ್ನ ಕೈ ಹಿಡಿದುಕೊಂಡ, ಇನ್ನೊಮ್ಮೆ ಹೇಳು ಎನ್ನುವ ಹಾಗೆ. ನಾನು ಇನ್ನೊಮ್ಮೆ ಒತ್ತಿದೆ. ಅವನಿಗೆ ತಿಳಿಯಲಿಲ್ಲ. ಎಲ್ಲರೂ ನೋಡುತ್ತಿದ್ದರು. ಎತ್ತಿನ ಯಜಮಾನ ಅವನಿಗೆ ಏನೇನೋ ಅಂದ, ಅದು ಅವನ ಕಿವಿಗೆ ಬೀಳಲಿಲ್ಲ.

ಈಗಲೂ ವಾರವಾರ ಬರುತ್ತಾನೆ. ಬೇವಿನ ಕಟ್ಟೆಯ ಮೇಲೆ ವಲ್ಲಿ ಹೊದ್ದು ಕೂತಿರುತ್ತಾನೆ. ಯಾರೂ ಕೈ ಕೊಡುವುದಿಲ್ಲ. ಬದನೆಕಾಯಿ, ಮೆಣಸಿನಕಾಯಿ ಚೀಲಕ್ಕೆ ತುಂಬಿಕೊಂಡು ಮನೆಗೆ ಹೋಗಿ ‘ಸಂತಿ ಆತು’ ಎನ್ನುತ್ತಾನೆ. ನಿಮ್ಮವ್ವನಿಗೂ ಹೇಳಿಲ್ಲ.

ಒಂದು ದಿನ ಚಹಾ ಕುಡಿಯುವಾಗ ನನಗೆ ಅಂದ: ‘ಕಿವಿ ಹೋಗಿತ್ತು, ಈಗ ಕೈನೂ ಕಿವುಡ ಆಯ್ತು ನೋಡು ವಹಾಬ.’

ನಾನು ಎರಡು ಬೆರಳು ಎಂದಿದ್ದೆ. ನೆನಪಿದೆಯಾ?

ವಹಾಬ

ಯಾದಗಿರಿ
26-4-2024

ಅಪ್ಪಾ,

ನನಗೆ ಗೊತ್ತಾಗಿದೆ. ಯಾರು ಹೇಳಿದರೆಂದು ಕೇಳಬೇಡ.

ಮೂರನೆಯ ಮುದ್ರಣ ನಿಲ್ಲಿಸಿದ್ದೇನೆ. ಹೈದರಾಬಾದಿನವನಿಗೆ ಕಳಿಸುವುದಿಲ್ಲ ಎಂದೆ, ಅವನು ಬೈದ, ಬೈಯಲಿ. ವಿಡಿಯೋ ಮಾಡಿದವರನ್ನು ಹುಡುಕಿ ಕೈಮುಗಿದು ಕೇಳಿಕೊಂಡೆ, ತೆಗೆದರು. ಅಷ್ಟರೊಳಗೆ ಇನ್ನೆಷ್ಟು ಜನರ ಫೋನು ಸೇರಿದೆಯೋ. ಪ್ರಕಟಿಸುವುದು ಹೇಗೆಂದು ಬಿದ್ದು ಎದ್ದು ಕಲಿತೆ, ಪ್ರಕಟಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಗೆ ನನಗೆ ಗೊತ್ತಿಲ್ಲ.

ಬೆರಳು ತಿರುಗಿಸಿದರೆ ಆಟ ಸಪ್ಪೆಯಾಗುತ್ತದೆ ಎಂದು ಬರೆದಿದ್ದೆ. ಸಪ್ಪೆಯಾಗಿದ್ದರೆ ಏನಾಗುತ್ತಿತ್ತು? ನನ್ನ ಡಬ್ಬಿ ನಾಲ್ಕು ಕಡಿಮೆ ಹೋಗುತ್ತಿತ್ತು. ಹೈದರಾಬಾದಿನವರು ಎತ್ತು ಕೊಳ್ಳಲು ಬರುತ್ತಾರಾ ಎಂದು ಜಾಣತನ ಮಾಡಿದೆ. ನೀನು ಕೇಳಿದ್ದು ಒಂದೇ ಮಾತು, ಅದನ್ನು ನಡೆಸಿಕೊಡಲಿಲ್ಲ. ನಿನಗಿದ್ದದ್ದು ವಾರದಲ್ಲಿ ಒಂದು ದಿನ. ಅದನ್ನು ನಾನು ಕಸಿದೆ.

ಮುಂದಿನ ಸಂತೆಗೆ ಬರುತ್ತೇನೆ. ಹಣಮಂತ್ರಾಯ ಕಾಕಾನ ಕಾಲಿಗೆ ಬಿದ್ದು ಕೇಳುತ್ತೇನೆ. ಹೆಂಗಸರು ದನದ ಸಂತೆಯೊಳಗೆ ಬರಬಾರದೆಂದು ನೀನು ಹೇಳುತ್ತೀಯ. ಈ ಸಲ ನಿನ್ನ ಮಾತು ಕೇಳುವುದಿಲ್ಲ.

ರಂಜನಿ

ಕೆಂಭಾವಿ
9-6-2024

ಯವ್ವಾ ರಂಜನಿ,

ನೀನು ಹಣಮಂತ್ರಾಯನ ಮುಂದೆ ಬಾಗಿದ್ದನ್ನು ಕಟ್ಟೆಯ ಮೇಲಿಂದ ನೋಡಿದೆ. ಅವನೇನು ಅಂದನೋ ನನಗೆ ಕೇಳಲಿಲ್ಲ. ಕಿವುಡತನದಿಂದ ಉಪಕಾರವೂ ಉಂಟು.

ನೀನು ಬಸ್ಸು ಹತ್ತಿದ ಮೇಲೆ ದಲಾಲರು ನನ್ನನ್ನು ಕರೆದರು. ವಹಾಬ ನನ್ನ ಪರವಾಗಿ ಮಾತಾಡಿದ, ಮಾತಾಡಿದ ಎನ್ನುವುದಕ್ಕಿಂತ ಜಗಳ ತೆಗೆದ. ಕೊನೆಗೆ ಹಣಮಂತ್ರಾಯ ನನ್ನ ಕಿವಿಗೆ ಬಾಯಿ ಹಚ್ಚಿದ: ‘ಹೊಸಾ ಲೆಕ್ಕ ಕೊಡ್ತೀವಿ, ಅಯ್ಯಣ್ಣ. ಆದ್ರ ಇನ್ನ ಮ್ಯಾಲ ಮಗಳ ಕೈಯಾಗ ನಿನ್ನ ಕೈ ಹೋಗಬಾರ್ದು. ವಲ್ಲಿ ಕೆಳಗೂ ಇಲ್ಲ, ಮ್ಯಾಲೂ ಇಲ್ಲ. ಆಣಿ ಮಾಡು.’

ನಾವಿಬ್ಬರು ಅಂಗೈಯಲ್ಲಿ ಮಾತಾಡುವುದು ಇಡೀ ಓಣಿಗೆ ಗೊತ್ತು. ರೊಟ್ಟಿಯ ಲೆಕ್ಕ ಹೇಳುತ್ತಾ ಹೇಳುತ್ತಾ ಹೊಸ ಬೆರಳೂ ನಿನ್ನ ಕೈ ಸೇರೀತೆಂದು ಅವರ ಭಯ. ಭಯ ಸುಳ್ಳಲ್ಲ. ನನ್ನ ಬೆರಳಿಗೆ ನಿನ್ನ ಹತ್ತಿರ ಮುಚ್ಚುಮರೆ ಬರುವುದಿಲ್ಲ.

ಆಣೆ ಮಾಡಿದೆ. ಹೊಸಬನಿಗೆ ಹಾಕುವ ಹಾಗೆ ಹೆಗಲಿಗೆ ವಲ್ಲಿ ಹಾಕಿದರು. ಬೆಲ್ಲ ನಾನೇ ಹಂಚಿದೆ.

ಮನೆಗೆ ಬಂದು ಹೇಳಿದರೆ ಅವ್ವ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು: ‘ಮಗಳ ಕೈ ಬಿಟ್ಟು ಸಂತಿ ಕೈ ಹಿಡದು ಬಂದ್ಯಾ?’ ಹೌದು ಎಂದೆ. ಅವತ್ತು ಅವಳು ಉಣ್ಣಲಿಲ್ಲ.

ನಿನಗೂ ಹೌದು ಎಂದೇ ಬರೆಯುತ್ತೇನೆ. ನೀನು ಸಿಟ್ಟಾದರೂ ಮಗಳಾಗಿಯೇ ಇರುತ್ತೀಯ. ಸಂತೆ ಹಾಗಲ್ಲ, ಬಿಟ್ಟರೆ ಬಿಟ್ಟಿತು. ಚೀಲ ಹಿಡಿದು ಬದನೆಕಾಯಿ ತರುವುದಕ್ಕೆ ನಾನು ಹುಟ್ಟಿಲ್ಲ. ತಪ್ಪು ನಿನ್ನದೊಂದೇ ಅಲ್ಲ. ಡಬ್ಬಿಯನ್ನು ಸಂತೆಗೆ ಹೊತ್ತು ತಂದು ಬೆಂಚಿನ ಮೇಲೆ ಬಿಚ್ಚಿದವನು ನಾನು. ರೈತರಿಗೆ ಒಳ್ಳೆಯದೇ ಆಯಿತಲ್ಲ ಎಂದೂ ನೀನು ಅನ್ನಬಹುದು. ನನಗೂ ಒಮ್ಮೊಮ್ಮೆ ಹಾಗೆ ಅನಿಸುತ್ತದೆ, ಯಾರ ಮುಂದೂ ಹೇಳುವುದಿಲ್ಲ.

ಬಿತ್ತನೆ ಮುಗಿದ ಮೇಲೆ ಬಾ. ಅಂಗಡಿಯಿಂದ ಒಂದು ಸ್ಲೇಟು ತಂದಿದ್ದೇನೆ. ಬರೆದು ಮಾತಾಡೋಣ.

ನಿನ್ನಪ್ಪ
ಅಯ್ಯಣ್ಣ

ಯಾದಗಿರಿ
14-7-2024

ಅಪ್ಪಾ, ಶರಣು.

ಸುಖವಾಗಿ ಮುಟ್ಟಿದೆ.

ಆಟದ ಅಂಗಡಿಗಳಿಂದ ಇನ್ನೂ ಫೋನು ಬರುತ್ತವೆ. ಆ ಆಟ ಮುಗಿಯಿತು ಎನ್ನುತ್ತೇನೆ. ಹೊಲಿದು ಉಳಿದ ವಲ್ಲಿಗಳನ್ನು ದುರ್ಗಾ ತನ್ನ ಅಡುಗೆಮನೆಗೆ ಒಯ್ದಳು. ಬೋರ್ಡು ಇಳಿಸಿಲ್ಲ. ಬೇರೆ ಆಟ ಮಾಡುತ್ತೇನೆ, ಮಾಡದೆ ನನಗೂ ಬದುಕು ಸಾಗುವುದಿಲ್ಲ. ಆದರೆ ಯಾರ ಮನೆಯಿಂದ ಏನು ತಂದು ಡಬ್ಬಿಗೆ ಹಾಕುತ್ತಿದ್ದೇನೆ ಎಂದು ಈಗ ಪ್ರತಿ ಕಾರ್ಡಿಗೂ ಕೈ ತಡೆಯುತ್ತದೆ.

ಸಂತೆಯ ದಿನ ನೀನು ಹೊಸ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ತಿರುವಿನವರೆಗೂ ನಿನ್ನ ಹೆಜ್ಜೆ ನಿಧಾನವಾಗಲಿಲ್ಲ. ನನಗೆ ನಿಜಕ್ಕೂ ಸಮಾಧಾನವಾಯಿತು. ನೀನು ಆರಿಸಿಕೊಂಡದ್ದು ಸರಿ. ನನ್ನ ಮೇಲೆ ನನಗಿರುವ ಸಿಟ್ಟು ಬೇರೆ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಸ್ಲೇಟಿನ ಮೇಲೆ ನಾವು ಕಚೇರಿಯವರ ಹಾಗೆ ಮಾತಾಡಿದೆವು. ಊಟ ಆಯಿತೇ. ಆಯಿತು. ಮಳೆ ಬಂತೇ. ಬಂತು. ಕ್ಷಮಿಸು ಎಂದು ನಾನು ಬರೆದೆ. ನೀನು ಓದಿ, ಒರೆಸಿ, ‘ಮಲಗು’ ಎಂದು ಬರೆದೆ.

ಹೊರಡುವ ಬೆಳಗ್ಗೆ ಅವ್ವ ಬುತ್ತಿ ಕಟ್ಟುತ್ತಿದ್ದಳು. ನೀನು ಚಹಾ ಹಿಡಿದು ಹೊರಗೆ ಬಂದು, ಬಸ್ಸು ಎಷ್ಟಕ್ಕೆ ಎಂದು ಹುಬ್ಬಿನಲ್ಲೇ ಕೇಳಿದೆ. ಸ್ಲೇಟು ಒಳಗಿತ್ತು. ನಾನು ಮರೆತು ಅಂಗೈ ಚಾಚಿದೆ. ನೀನು ಅದನ್ನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಅದರಲ್ಲಿ ಚಹಾದ ಗಿಲಾಸು ಇಟ್ಟು ಒಳಗೆ ಹೋದೆ.

ನಾನು ನಿಂತುಕೊಂಡೇ ಕುಡಿದೆ.

ನಿನ್ನ
ರಂಜನಿ